ಮಳೆ ಬರುತ್ತದೆ ಎಂದು ಹೇಳುವವರು ಯಾರು?



ಮಳೆಯ ಬಗೆಗಿನ ನಮ್ಮ ಮಾತುಕತೆಯ ಕಾರ್ಯಕ್ರಮಕ್ಕೆ ಕೆಲವು ದೃಶ್ಯಗಳು ಬೇಕಾಗಿದ್ದವು. ಅದಕ್ಕಾಗಿ ಒಂದು ಮೇ ತಿಂಗಳ ಕೊನೆಯ ವಾರ ಬೆಳಗಾವಿಯ ಪಕ್ಕದ ಹಿಂಡಲಗಾಕ್ಕೆ ಹೋಗಿದ್ದೆವು. ಹಿಂಡಲಗಾ ಎಂದೊಡನೆ ಹಲವರಿಗೆ ಅಲ್ಲಿನ ಕೇಂದ್ರ ಕಾರಾಗೃಹ ನೆನಪಾಗುತ್ತದೆ. ಆದರೆ ಆ ಸುತ್ತಿನ ಹೊಲಗದ್ದೆಗಳಲ್ಲಿ ಮೇ ಕೊನೆಗೆ ನಡೆಯುವ ಮಾತೆಲ್ಲ ಒಂದೇ: ಮಳೆ ಯಾವಾಗ?

ಮಧ್ಯಾಹ್ನ ಮೂರು ಗಂಟೆ. ತಲೆಯ ಮೇಲೆ ಸುಡುವ ಬಿಸಿಲು. ನಾವು ಕ್ಯಾಮೆರಾ ನಿಲ್ಲಿಸಿಕೊಂಡು ಕೆಲಸ ಶುರು ಮಾಡಿದ್ದೆವು. ಬದುವಿನ ಮೇಲೆ ಕುಳಿತಿದ್ದ ವಯಸ್ಸಾದ ರೈತರೊಬ್ಬರು ಕೂಗಿ ಹೇಳಿದರು: "ಸಾಹೇಬ್ರ, ನಿಮ್ಮ ಮಷಿನ್ ಮುಚ್ಚಿಕೊಳ್ರಿ. ಇನ್ನೊಂದು ತಾಸಿನ್ಯಾಗ ಮಳಿ ಬರ್ತೈತಿ."

"ಹ್ಯಾಂಗ ಹೇಳ್ತೀರಿ ಅಜ್ಜಾರ?"

"ಗಾಳಿ ತಿರುಗೇತಿ. ಮಣ್ಣಿನ ವಾಸನಿ ಬರಾಕತ್ತೈತಿ. ನಿಮಗ ಬರವಲ್ದೇನ್ರಿ?"

ಮುಕ್ಕಾಲು ತಾಸಿನೊಳಗೆ ಗುಡುಗು ಸಹಿತ ಮಳೆ ಸುರಿಯಿತು. ನಾವೆಲ್ಲ ಅವರ ದನದ ಕೊಟ್ಟಿಗೆಯಲ್ಲಿ ನಿಂತೆವು. ಅಲ್ಲಿ ಗೋಡೆಗೆ ಪಂಚಾಂಗವೊಂದು ತೂಗುತ್ತಿತ್ತು. ಅಜ್ಜ ಅದನ್ನು ತೆಗೆದು ತೋರಿಸಿ, "ಈ ಸಲ ಮಿರಗಕ್ಕ ವಾಹನ ಚಲೋ ಐತ್ರಿ, ಮಳಿಗೇನೂ ಕೊರತಿ ಇಲ್ಲ. ನಾಳಿನೇ ಕೂರಿಗಿ ಹೂಡಾಂವ" ಎಂದರು. ಆದರೆ ಜೂನ್ ಕೊನೆಗೆ ವಿಚಾರಿಸಿದಾಗ ತಿಳಿದ ಸುದ್ದಿ ಬೇರೆಯೇ ಆಗಿತ್ತು. ಮೊದಲ ಹದಕ್ಕೆ ಬಿತ್ತಿದ ಭತ್ತ ಮೊಳಕೆಯೊಡೆದಿತ್ತು, ಮಳೆ ಕೈಕೊಟ್ಟಿತ್ತು. ಸಸಿ ಒಣಗಿ, ಮತ್ತೊಮ್ಮೆ ಬೀಜ ಕೊಂಡು ಬಿತ್ತಬೇಕಾಗಿ ಬಂದಿತ್ತು.

ಒಬ್ಬರೇ ವ್ಯಕ್ತಿ ಒಂದೇ ದಿನ ಎರಡು ಭವಿಷ್ಯ ಹೇಳಿದರು. ಒಂದು ನಿಜವಾಯಿತು, ಇನ್ನೊಂದು ಆಗಲಿಲ್ಲ. ಹಾಗಾದರೆ ಮೊದಲನೆಯದು ವಿಜ್ಞಾನ, ಎರಡನೆಯದು ಮೂಢನಂಬಿಕೆ ಎಂದು ಬಿಡೋಣವೇ? ಅಷ್ಟು ಅವಸರ ಬೇಡ. ಒಂದು ಸಲ ನಿಜವಾದದ್ದರಿಂದ ಯಾವ ನಂಬಿಕೆಯೂ ಸಾಬೀತಾಗುವುದಿಲ್ಲ. ಒಂದು ಸಲ ತಪ್ಪಿದ್ದರಿಂದ ಸುಳ್ಳಾಗುವುದೂ ಇಲ್ಲ. ಪರೀಕ್ಷಿಸುವ ಕ್ರಮವೇ ಬೇರೆ ಇದೆ. ಅದನ್ನು ಹಂತ ಹಂತವಾಗಿ ನೋಡೋಣ.

ಮಳೆ ನಕ್ಷತ್ರಗಳ ಲೆಕ್ಕ

ನಮ್ಮ ರೈತರು ಮಳೆಗೆ ಹೆಸರಿಟ್ಟಿದ್ದಾರೆ: ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಈ ಹೆಸರುಗಳು ಬಂದದ್ದು ಸೂರ್ಯನ ದಾರಿಯಿಂದ. ಆಕಾಶದಲ್ಲಿ ಸೂರ್ಯ ವರ್ಷಕ್ಕೊಮ್ಮೆ ಸುತ್ತುವಂತೆ ಕಾಣುವ ದಾರಿಯನ್ನು 27 ಪಾಲು ಮಾಡಿ, ಒಂದೊಂದು ಪಾಲಿಗೆ ಒಂದು ನಕ್ಷತ್ರದ ಹೆಸರು ಕೊಟ್ಟಿದ್ದಾರೆ. 365 ದಿನಗಳನ್ನು 27ರಿಂದ ಭಾಗಿಸಿದರೆ ಒಂದು ನಕ್ಷತ್ರಕ್ಕೆ ಸುಮಾರು ಹದಿಮೂರೂವರೆ ದಿನ. ಸೂರ್ಯ ರೋಹಿಣಿಗೆ ಬರುವುದು ಮೇ 25ರ ಹೊತ್ತಿಗೆ, ಮೃಗಶಿರಾ ನಕ್ಷತ್ರಕ್ಕೆ ಜೂನ್ 8ರ ಹೊತ್ತಿಗೆ. ಬೆಳಗಾವಿ ಕಡೆ ಜನ 'ಮಿರಗ' ಎನ್ನುವುದು ಇದನ್ನೇ.

ಇಲ್ಲಿ ಗಮನಿಸಿ: ಹಬ್ಬ ಹುಣ್ಣಿಮೆಗಳು ಚಂದ್ರನ ಲೆಕ್ಕದಲ್ಲಿ ಬರುತ್ತವೆ. ಆದ್ದರಿಂದ ಇಂಗ್ಲಿಷ್ ತಾರೀಖಿನ ಪ್ರಕಾರ ಪ್ರತಿ ವರ್ಷ ಹಿಂದೆ ಮುಂದೆ ಸರಿಯುತ್ತವೆ. ಆದರೆ ಮಳೆಯನ್ನು ನಮ್ಮ ಹಿರಿಯರು ಚಂದ್ರನಿಗೆ ಕಟ್ಟಲಿಲ್ಲ, ಸೂರ್ಯನಿಗೆ ಕಟ್ಟಿದರು. ಋತುಗಳನ್ನು ನಡೆಸುವವನು ಸೂರ್ಯ ಎಂಬ ಅರಿವು ಇದರಲ್ಲಿದೆ. ನೈಋತ್ಯ ಮುಂಗಾರು ಕೇರಳಕ್ಕೆ ಸರಾಸರಿ ಜೂನ್ 1ರ ಸುಮಾರಿಗೆ ಬಂದು, ಮುಂದಿನ ಒಂದು ವಾರದಲ್ಲಿ ಬೆಳಗಾವಿಯ ಕಡೆ ತಲುಪುತ್ತದೆ. ಮಿರಗದ ಹೊತ್ತಿಗೆ ಮಳೆ ಎಂಬ ಮಾತು ಸರಾಸರಿಯಾಗಿ ಸರಿಯೇ.

ಗಾದೆಗಳೂ ಇದೇ ಜಾತಿಯವು. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಎನ್ನುತ್ತಾರೆ. 'ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು' ಎನ್ನುತ್ತಾರೆ. ಸರಿಯಾಗಿ ನೋಡಿದರೆ ಇವು ಮಳೆ ಬರುತ್ತದೆ ಎಂದು ಹೇಳುವುದೇ ಇಲ್ಲ. ಬಂದರೆ ಬೆಳೆಗೆ ಏನಾಗುತ್ತದೆ ಎಂದು ಹೇಳುತ್ತವೆ. ಮಘೆ ಬರುವುದು ಆಗಸ್ಟ್ ಮಧ್ಯದ ನಂತರ. ಆಗ ಬೆಳೆ ಬೆಳೆಯುವ ಭರದಲ್ಲಿರುತ್ತದೆ, ನೀರು ಬೇಡುತ್ತದೆ. ಆದ್ದರಿಂದ ಇಂಥ ಗಾದೆಗಳನ್ನು ಹವಾಮಾನದ ಭವಿಷ್ಯ ಎನ್ನುವುದಕ್ಕಿಂತ ಬೇಸಾಯದ ಪಾಠ ಎನ್ನುವುದು ಸರಿ.

ಆದರೆ ಸರಾಸರಿಗೂ ಒಂದು ವರ್ಷದ ಮಳೆಗೂ ಬಹಳ ಅಂತರವಿದೆ. ಆಶ್ಲೇಷಾ ಮಳೆಯನ್ನೇ ತೆಗೆದುಕೊಳ್ಳಿ. ಅದು ಆಗಸ್ಟ್ 3ರ ಸುಮಾರಿಗೆ ಹುಟ್ಟಿ ಎರಡು ವಾರ ಇರುತ್ತದೆ. 2019ರ ಆಶ್ಲೇಷಾದಲ್ಲಿ ಬೆಳಗಾವಿ ಜಿಲ್ಲೆ ಪ್ರವಾಹದಲ್ಲಿ ಮುಳುಗಿತು. ಮಾರ್ಕಂಡೇಯ, ಮಲಪ್ರಭಾ, ಘಟಪ್ರಭಾ, ಕೃಷ್ಣಾ ಎಲ್ಲವೂ ದಡ ಮೀರಿದವು. ನಾಲ್ಕೇ ವರ್ಷದ ನಂತರ, 2023ರಲ್ಲಿ, ಅದೇ ಆಶ್ಲೇಷಾ ಇದ್ದ ಆಗಸ್ಟ್ ತಿಂಗಳು ಇಡೀ ಭಾರತಕ್ಕೆ 1901ರಿಂದೀಚಿನ ಅತ್ಯಂತ ಒಣ ಆಗಸ್ಟ್ ಎಂದು ದಾಖಲಾಯಿತು. ಮುಂದಿನ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸರಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. ನಕ್ಷತ್ರ ಅದೇ, ಸೂರ್ಯನ ಜಾಗ ಅದೇ. ಮಳೆ ಮಾತ್ರ ಅದೇ ಅಲ್ಲ.

ಇನ್ನೊಂದು ಸ್ವಾರಸ್ಯವೂ ಇದೆ. ಭೂಮಿಯ ಅಕ್ಷ ತಿರುಗುವ ಬುಗುರಿಯಂತೆ ನಿಧಾನವಾಗಿ ಓಲಾಡುತ್ತದೆ. ಇದರಿಂದ ನಕ್ಷತ್ರಗಳ ಲೆಕ್ಕಕ್ಕೂ ಋತುಗಳಿಗೂ ಸುಮಾರು 71 ವರ್ಷಕ್ಕೆ ಒಂದು ದಿನದಷ್ಟು ವ್ಯತ್ಯಾಸ ಬೀಳುತ್ತದೆ. ಕನ್ನಡದಲ್ಲಿ ಮಳೆ, ಮಿಂಚು, ಭೂಕಂಪ, ಶಕುನಗಳನ್ನು ಕುರಿತು ಬರೆದ 'ರಟ್ಟಮತ' ಎಂಬ ಹಳೆಯ ಗ್ರಂಥವಿದೆ. ಅದನ್ನು ಬರೆದ ರಟ್ಟಕವಿಯ ಕಾಲ ಸುಮಾರು ಕ್ರಿ.ಶ. 1300. ಅಂದಿನಿಂದ ಇಂದಿಗೆ ಋತುವಿನ ಲೆಕ್ಕದಲ್ಲಿ ಪ್ರತಿ ಮಳೆ ನಕ್ಷತ್ರವೂ ಸುಮಾರು 10 ದಿನ ತಡವಾಗಿದೆ. ಹಳೆಯ ಮಾತನ್ನು ಹಾಗೆಯೇ ಇಂದಿಗೆ ಅನ್ವಯಿಸುವ ಮುನ್ನ ಇದನ್ನು ನೆನಪಿಡಬೇಕು.

ಕಪ್ಪೆ ವಾಹನ, ಆನೆ ವಾಹನ

ಈಗ ಅಜ್ಜ ಹೇಳಿದ ವಾಹನಕ್ಕೆ ಬರೋಣ. ಬೆಳಗಾವಿಯಲ್ಲಿ ಕನ್ನಡ ಪಂಚಾಂಗವೂ ಉಂಟು, ಮರಾಠಿ ಪಂಚಾಂಗವೂ ಉಂಟು. ಪ್ರತಿ ಮಳೆ ನಕ್ಷತ್ರಕ್ಕೂ ಒಂದು ಪ್ರಾಣಿಯನ್ನು ವಾಹನವಾಗಿ ಹೇಳುವ ರೂಢಿ ಇದೆ. ಕಪ್ಪೆ, ಎಮ್ಮೆ, ಆನೆ ಬಂದರೆ ಹೆಚ್ಚು ಮಳೆ. ನರಿ, ಟಗರು ಬಂದರೆ ಕಡಿಮೆ. ನವಿಲು, ಕತ್ತೆ, ಇಲಿ ಬಂದರೆ ನಡುವೆ.

ವಾಹನವನ್ನು ಹೇಗೆ ಗೊತ್ತುಮಾಡುತ್ತಾರೆ? ರೂಢಿಯಲ್ಲಿರುವ ಒಂದು ಕ್ರಮ ಹೀಗಿದೆ. ಸೂರ್ಯ ಹೊಸ ನಕ್ಷತ್ರಕ್ಕೆ ಕಾಲಿಡುವ ಹೊತ್ತಿನಲ್ಲಿ ಚಂದ್ರ ಯಾವ ನಕ್ಷತ್ರದಲ್ಲಿದ್ದಾನೆ ಎಂದು ನೋಡಬೇಕು. ಸೂರ್ಯನ ನಕ್ಷತ್ರದಿಂದ ಚಂದ್ರನ ನಕ್ಷತ್ರದವರೆಗೆ ಎಣಿಸಿ, ಬಂದ ಸಂಖ್ಯೆಯನ್ನು 9ರಿಂದ ಭಾಗಿಸಬೇಕು. ಉಳಿದ ಶೇಷಕ್ಕೆ ತಕ್ಕ ಪ್ರಾಣಿ ವಾಹನ. ಲೆಕ್ಕ ಬಲ್ಲ ನೀವು ಇದನ್ನು ನೂರು ವರ್ಷ ಮುಂದಕ್ಕೂ ಮಾಡಿಡಬಹುದು.

ಅದರಲ್ಲಿಯೇ ಅದರ ದೌರ್ಬಲ್ಯವೂ ಇದೆ. ಈ ಲೆಕ್ಕದಲ್ಲಿ ಗಾಳಿ ಎಲ್ಲಿದೆ? ಅರಬ್ಬೀ ಸಮುದ್ರದ ಶಾಖ ಎಲ್ಲಿದೆ? ತೇವಾಂಶ ಎಲ್ಲಿದೆ? ಒಂದೂ ಇಲ್ಲ. ಬೆಳಗಾವಿ ಜಿಲ್ಲೆಯ ನಕ್ಷೆ ತೆರೆದು ನೋಡಿ. ಖಾನಾಪುರ ತಾಲ್ಲೂಕಿನಲ್ಲಿ, ಮಲಪ್ರಭೆ ಹುಟ್ಟುವ ಕಣಕುಂಬಿ ಇದೆ. ಸಮುದ್ರದಿಂದ ಬಂದ ತೇವದ ಗಾಳಿ ಸಹ್ಯಾದ್ರಿಯನ್ನು ಏರುವಾಗ ತಣ್ಣಗಾಗಿ ಅಲ್ಲಿ ನೀರಿಳಿಸುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಬೆಟ್ಟ ದಾಟಿ ಪೂರ್ವಕ್ಕೆ ಇಳಿದ ಗಾಳಿ ಒಣಗುತ್ತ ಹೋಗುತ್ತದೆ. ಅದೇ ಜಿಲ್ಲೆಯ ಅಥಣಿಗೆ ಮುಟ್ಟುವಾಗ ವರ್ಷದ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಪಂಚಾಂಗದ ಆನೆ ಮಾತ್ರ ಎರಡೂ ಊರಿಗೆ ಒಂದೇ ಆನೆ. ಬೆಟ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಭವಿಷ್ಯ ಬೆಳಗಾವಿಯಲ್ಲಿ ಹೇಗೆ ನಿಲ್ಲಬೇಕು?

ಉತ್ತರ ಕರ್ನಾಟಕದ ಕಾರಹುಣ್ಣಿಮೆಯಲ್ಲಿ ಕರಿ ಹರಿಯುವ ಆಚರಣೆಯೂ ಇಂಥದೇ. ಬಿಳಿ ಎತ್ತು ಮುಂದಾಗಿ ಕರಿ ಹರಿದರೆ ಹಿಂಗಾರಿ ಬೆಳೆ ಚೆನ್ನ, ಕೆಂದೆತ್ತು ಹರಿದರೆ ಮುಂಗಾರಿ ಬೆಳೆ ಚೆನ್ನ ಎನ್ನುತ್ತಾರೆ. ಊರೆಲ್ಲ ಸೇರಿ ಎತ್ತುಗಳನ್ನು ಸಿಂಗರಿಸಿ ಓಡಿಸುವ ಹಬ್ಬವಾಗಿ ಅದು ಚೆಂದ. ಆದರೆ ಎತ್ತಿನ ಓಟ ಅಕ್ಟೋಬರಿನ ಮೋಡವನ್ನು ಬಲ್ಲದು ಎನ್ನಲು ಆಧಾರವಿಲ್ಲ.

ಗಾಳಿಯನ್ನು ಮುಟ್ಟುವ ಕುರುಹುಗಳು

ಇನ್ನು ಅಜ್ಜನ ಮೊದಲ ಮಾತು. ಗಾಳಿ ತಿರುಗಿತು, ಮಣ್ಣಿನ ವಾಸನೆ ಬಂತು ಎಂದರಲ್ಲ, ಅದರ ಹಿಂದೆ ಏನಿದೆ?

ಗುಡುಗು ಮೋಡದಿಂದ ಮಳೆ ಸುರಿಯುವಾಗ ಅದರೊಂದಿಗೆ ತಣ್ಣನೆಯ ಭಾರದ ಗಾಳಿಯೂ ಕೆಳಗೆ ಬೀಳುತ್ತದೆ. ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮಳೆ ಮೂರ್ನಾಲ್ಕು ಮೈಲಿ ದೂರದಲ್ಲಿರುವಾಗಲೇ ಈ ಗಾಳಿ ನಮ್ಮನ್ನು ಮುಟ್ಟುತ್ತದೆ. ಅಲ್ಲಿ ಆಗಲೇ ನೆನೆದ ಮಣ್ಣಿನ ವಾಸನೆಯನ್ನು ಹೊತ್ತು ತರುತ್ತದೆ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಈ ವಾಸನೆಗೆ 'ಪೆಟ್ರಿಕೋರ್' ಎಂದು ಹೆಸರಿಟ್ಟರು. ಮಣ್ಣಿನಲ್ಲಿರುವ ಸಸ್ಯಜನ್ಯ ಎಣ್ಣೆಗಳೂ ಸೂಕ್ಷ್ಮಜೀವಿಗಳು ತಯಾರಿಸುವ 'ಜಿಯೋಸ್ಮಿನ್' ಎಂಬ ವಸ್ತುವೂ ಅದಕ್ಕೆ ಕಾರಣ. ಅಂದರೆ ಅಜ್ಜ ಓದಿದ್ದು ಹತ್ತಿರದಲ್ಲೇ ನಡೆಯುತ್ತಿದ್ದ ಮಳೆಯ ವರದಿಯನ್ನು. ಆದ್ದರಿಂದಲೇ ಆ ಮಾತಿಗೆ ಒಂದು ತಾಸಿನ ಆಯುಷ್ಯವೇ ಹೊರತು ಒಂದು ತಿಂಗಳಿನದಲ್ಲ.

ಇಂಥ ಬೇರೆ ಕುರುಹುಗಳೂ ಇವೆ. ಡಬ್ಬಿಯ ಉಪ್ಪು ನೀರೊಡೆಯುವುದು, ಮರದ ಬಾಗಿಲು ಬಿಗಿಯಾಗುವುದು ಗಾಳಿಯ ತೇವಾಂಶ ಏರಿದ್ದರ ಗುರುತು. 1783ರಲ್ಲಿ ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಎಂಬ ವಿಜ್ಞಾನಿ ಮನುಷ್ಯನ ತಲೆಗೂದಲು ತೇವಕ್ಕೆ ಉದ್ದವಾಗುವುದನ್ನೇ ಬಳಸಿ ಆರ್ದ್ರತಾಮಾಪಕ ತಯಾರಿಸಿದ. ನಮ್ಮ ಬಾಗಿಲೂ ಒಂದು ಒರಟು ಆರ್ದ್ರತಾಮಾಪಕವೇ. ಚಂದ್ರನ ಸುತ್ತ ಕಾಣುವ ದೊಡ್ಡ ಬಳೆ ಬಹಳ ಎತ್ತರದ ತೆಳುಮೋಡದಲ್ಲಿರುವ ಮಂಜಿನ ಹರಳುಗಳಿಂದ ಆಗುತ್ತದೆ. ಆ ಮೋಡದ ಹಿಂದೆ ಕೆಲವೊಮ್ಮೆ ಮಳೆಮೋಡ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ.

ಕೆಲವು ಕುರುಹುಗಳಲ್ಲಿ ಮುಂದಿನದು ಹಿಂದಾಗಿರುತ್ತದೆ. ಮಿರಗದ ಹೊತ್ತಿಗೆ ನೆಲದ ಮೇಲೆ ಹರಿದಾಡುವ ಕೆಂಪು ಮಖಮಲ್ಲಿನಂಥ ಪುಟ್ಟ ಹುಳುವನ್ನು ನೀವು ನೋಡಿರಬಹುದು. ಹುತ್ತದಿಂದ ಹೊರಬೀಳುವ ರೆಕ್ಕೆಯ ಗೆದ್ದಲನ್ನಂತೂ ದೀಪದ ಕೆಳಗೆ ನೋಡಿಯೇ ಇರುತ್ತೀರಿ. ಇವು ಮಳೆಯನ್ನು ಮೊದಲೇ ತಿಳಿದು ಬಂದವಲ್ಲ; ಮೊದಲ ಮಳೆಗೆ ನೆಲ ನೆನೆದದ್ದರಿಂದ ಬಂದವು. ಮುಂಗಾರು ಶುರುವಾದ ಮೇಲೆ ಮಳೆ ಮಳೆಯ ಬೆನ್ನಿಗೇ ಬರುವುದರಿಂದ, ಹುಳು ಕಂಡ ಮೇಲೆ ಮಳೆ ಬಂತು ಎಂದು ನಮಗನ್ನಿಸುತ್ತದೆ.

ಜುಲೈ ತಿಂಗಳ ಮೋಸ

ಈಗ ಮುಖ್ಯವಾದ ಮಾತು. ಇರುವೆ ಮೊಟ್ಟೆ ಹೊತ್ತು ಸಾಗಿದರೆ ಮಳೆ ಎಂಬ ನಂಬಿಕೆ ಎಲ್ಲ ಕಡೆಯೂ ಇದೆ. ಇದನ್ನು ಹಿಂಡಲಗಾದಲ್ಲಿ ಜುಲೈ ತಿಂಗಳಲ್ಲಿ ಪರೀಕ್ಷಿಸಿದಿರಿ ಎಂದುಕೊಳ್ಳಿ. ಲೆಕ್ಕಕ್ಕಾಗಿ ಕೆಲವು ಸಂಖ್ಯೆಗಳನ್ನು ಊಹಿಸೋಣ. 10 ದಿನ ಇರುವೆಗಳು ಮೊಟ್ಟೆ ಹೊತ್ತವು. ಅದರಲ್ಲಿ 8 ದಿನ ಮಳೆ ಬಂತು. ನೂರಕ್ಕೆ ಎಂಬತ್ತು ಸರಿ! ನೀವು ಇರುವೆಗೆ ಕೈಮುಗಿಯುತ್ತೀರಿ.

ಆದರೆ ಆ ತಿಂಗಳ 31 ದಿನಗಳಲ್ಲಿ 25 ದಿನ ಮಳೆ ಬಂದಿತ್ತು ಎನ್ನಿ. ಅದೂ ನೂರಕ್ಕೆ ಎಂಬತ್ತೇ. ಇರುವೆಯನ್ನು ನೋಡದೆ ದಿನವೂ ಬೆಳಗ್ಗೆ ಎದ್ದು "ಇವತ್ತು ಮಳೆ" ಎಂದು ಕೂಗುವವನ ಭವಿಷ್ಯವೂ ಅಷ್ಟೇ ಸರಿಯಾಗುತ್ತಿತ್ತು. ಇರುವೆ ಹೊಸದಾಗಿ ಏನನ್ನೂ ಹೇಳಲಿಲ್ಲ. ಮಳೆ ಹೆಚ್ಚಿರುವ ಊರಿನಲ್ಲಿ, ಮಳೆಗಾಲದಲ್ಲಿ, ಎಲ್ಲ ಕುರುಹುಗಳೂ ನಿಜವಾಗುತ್ತವೆ. ಅಥಣಿಯಲ್ಲಿ ಅದೇ ಕುರುಹು ಅಷ್ಟು ನಿಜವಾಗದಿರಬಹುದು.

ಜೊತೆಗೆ ನಮ್ಮ ನೆನಪೂ ಪಕ್ಷಪಾತಿ. ಇರುವೆ ಸಾಗಿ ಮಳೆ ಬಂದ ದಿನ ಮನೆಯಲ್ಲಿ ಆ ಮಾತು ನಡೆಯುತ್ತದೆ. ಇರುವೆ ಸಾಗಿದರೂ ಮಳೆ ಬಾರದ ದಿನ ಯಾರೂ ಆ ಮಾತೆತ್ತುವುದಿಲ್ಲ. ಆದ್ದರಿಂದ ಒಂದು ಕುರುಹನ್ನು ಪರೀಕ್ಷಿಸಲು ನಾಲ್ಕು ಮನೆಗಳ ಪಟ್ಟಿ ಬೇಕು: ಕುರುಹು ಇತ್ತು, ಮಳೆ ಬಂತು, ಕುರುಹು ಇತ್ತು, ಮಳೆ ಬರಲಿಲ್ಲ, ಕುರುಹು ಇರಲಿಲ್ಲ, ಮಳೆ ಬಂತು, ಕುರುಹೂ ಇಲ್ಲ, ಮಳೆಯೂ ಇಲ್ಲ. ನಾವು ಸಾಮಾನ್ಯವಾಗಿ ಮೊದಲನೆಯ ಮನೆಯನ್ನು ಮಾತ್ರ ತುಂಬುತ್ತೇವೆ.

ವಿಜ್ಞಾನಿಗಳ ಕುರುಹುಗಳಿಗೂ ಇದೇ ಪರೀಕ್ಷೆ

ವಿಜ್ಞಾನಿಗಳು ಕುರುಹು ಹುಡುಕುವುದಿಲ್ಲ ಎಂದು ಭಾವಿಸಬೇಡಿ. ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಅದರ ಮೊದಲ ಮುಖ್ಯಸ್ಥ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮವನ್ನೇ ಕುರುಹಾಗಿ ಹಿಡಿದು 1886ರಲ್ಲಿ ಮುಂಗಾರಿನ ಮೊದಲ ಅಧಿಕೃತ ಮುನ್ಸೂಚನೆ ಕೊಟ್ಟರು. ಹಿಮ ಹೆಚ್ಚಾದರೆ ಮಳೆ ಕಡಿಮೆ ಎಂಬುದು ಅವರ ತರ್ಕ. 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಗಣಿತಜ್ಞರು. ಅವರು ಪ್ರಪಂಚದ ನಾನಾ ಕಡೆಯ ವಾಯುಭಾರ, ಶಾಖ, ಮಳೆಯ ಅಂಕಿಗಳನ್ನು ತರಿಸಿ, ಯಾವುದಕ್ಕೂ ನಮ್ಮ ಮುಂಗಾರಿಗೂ ನಂಟಿದೆ ಎಂದು ಲೆಕ್ಕ ಹಾಕಿಸಿದರು. ಶಾಂತಸಾಗರದ ಒಂದು ಬದಿಯಲ್ಲಿ ವಾಯುಭಾರ ಏರಿದಾಗ ಇನ್ನೊಂದು ಬದಿಯಲ್ಲಿ ಇಳಿಯುವ ತೂಗುಯ್ಯಾಲೆಯಂಥ ಕ್ರಮವನ್ನು ಅವರು ಹೀಗೆ ಕಂಡರು. ಇಂದು ನಾವು ಎಲ್ ನಿನೋ ಎಂದು ಕರೆಯುವ ವಿದ್ಯಮಾನಕ್ಕೂ ಅದಕ್ಕೂ ನೇರ ಸಂಬಂಧವಿದೆ. 2023ರ ಒಣ ಆಗಸ್ಟ್ ಕೂಡ ಎಲ್ ನಿನೋ ವರ್ಷದ್ದೇ.

ಆದರೆ ಒಂದು ಕಾಲಕ್ಕೆ ಚೆನ್ನಾಗಿ ಹೊಂದಿದ ಕುರುಹುಗಳು ಮುಂದೆ ಹೊಂದದೆ ಹೋದದ್ದೂ ಉಂಟು. ಆಗ ಇಲಾಖೆ ಅವನ್ನು ಕೈಬಿಟ್ಟು ಬೇರೆಯದನ್ನು ಹುಡುಕಿತು. ವ್ಯತ್ಯಾಸ ಇರುವುದು ಇಲ್ಲಿಯೇ. ವಿಜ್ಞಾನಿಯೂ ತಪ್ಪುತ್ತಾನೆ, ಆದರೆ ತಪ್ಪಿದ್ದನ್ನು ಬರೆದಿಡುತ್ತಾನೆ. ಗುಜರಾತಿನ ಜುನಾಗಢದಲ್ಲಿ ಕೃಷಿ ವಿಜ್ಞಾನಿಗಳು ಇದೇ ಕ್ರಮದಲ್ಲಿ ರೈತರ ನಂಬಿಕೆಗಳನ್ನು ಪರೀಕ್ಷೆಗೆ ಹಚ್ಚಿದರು. ಕಕ್ಕೆ ಗಿಡ ಹೂ ಬಿಟ್ಟ ಸುಮಾರು 45 ದಿನಕ್ಕೆ ಮುಂಗಾರು ಬರುತ್ತದೆ ಎಂಬುದು ಅವುಗಳಲ್ಲೊಂದು. ಜನಪದರ ಮಾತನ್ನು ಕಣ್ಣುಮುಚ್ಚಿ ತಳ್ಳುವುದೂ ಬೇಡ, ಕಣ್ಣುಮುಚ್ಚಿ ಒಪ್ಪುವುದೂ ಬೇಡ.

ಇಂದು ಉಪಗ್ರಹಗಳಿವೆ, ಗಣಕಯಂತ್ರಗಳಿವೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಹವಾಮಾನ ಇಲಾಖೆಯ ಮುನ್ಸೂಚನೆ ಮೊಬೈಲಿನಲ್ಲೇ ಸಿಗುತ್ತದೆ. ಇವೂ ತಪ್ಪುತ್ತವೆ, ಎರಡು ವಾರದಾಚೆಗೆ ಇಂಥ ದಿನ ಇಂಥ ಊರಿನಲ್ಲಿ ಮಳೆ ಎಂದು ಯಾವ ಯಂತ್ರವೂ ಖಚಿತವಾಗಿ ಹೇಳಲಾರದು. ಆದರೆ ಬಿತ್ತುವ ರೈತನಿಗೆ ಬೇಕಾದದ್ದು ಮುಂದಿನ ಐದಾರು ದಿನಗಳ ಸುದ್ದಿ. ಮೊದಲ ಮಳೆಯ ಬೆನ್ನಿಗೆ ಇನ್ನೊಂದು ಬರುತ್ತದೋ, ಒಣ ಹವೆ ಬರುತ್ತದೋ ಎಂಬುದು. ಅಜ್ಜನ ಬೀಜ ಉಳಿಯುವುದೂ ಹೋಗುವುದೂ ಅದರಲ್ಲಿ. ಅವರ ಮೂಗು ಒಂದು ತಾಸಿನದನ್ನು ಹೇಳಿತು, ಪಂಚಾಂಗ ಹದಿನೈದು ದಿನದ್ದನ್ನು ಹೇಳಿತು. ನಡುವಿನ ಐದಾರು ದಿನಗಳಿಗೆ ಅವರ ಬಳಿ ಏನೂ ಇರಲಿಲ್ಲ. ಹವಾಮಾನ ಇಲಾಖೆಯ ಮುನ್ಸೂಚನೆ ಹೆಚ್ಚು ಉಪಯೋಗಕ್ಕೆ ಬರುವುದು ಅಲ್ಲಿಯೇ. ನಿಮ್ಮ ಮನೆಯಲ್ಲಿ ಬೇಸಾಯವಿದ್ದರೆ ಬಿತ್ತನೆಯ ಮುನ್ನ ಅದನ್ನು ಓದಿ ಹೇಳುವ ಕೆಲಸ ನಿಮ್ಮದಾಗಲಿ.

ನೀವೇ ಮಾಡಿ ನೋಡಿ

ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವ, ತಳ ಚಪ್ಪಟೆಯಾದ ಡಬ್ಬಿಯೊಂದನ್ನು ಬಯಲಿನಲ್ಲಿ, ಮರ ಮನೆಗಳಿಂದ ದೂರ, ಅಲುಗದಂತೆ ಇಡಿ. ದಿನವೂ ಬೆಳಗ್ಗೆ ಎಂಟೂವರೆಗೆ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಮಿಲಿಮೀಟರಿನಲ್ಲಿ ಅಳೆದು ಬರೆದು, ನೀರು ಚೆಲ್ಲಿ. ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಅಳೆಯುತ್ತದೆ. ಎರಡೂವರೆ ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಅದನ್ನು ಮಳೆಯ ದಿನವೆಂದು ಎಣಿಸುತ್ತಾರೆ.

ಪಕ್ಕದಲ್ಲಿ ನಿಮ್ಮ ಊರಿನ ಹಿರಿಯರು ಹೇಳುವ ಯಾವುದಾದರೂ ಒಂದು ಕುರುಹನ್ನು ಆರಿಸಿ, ಅದು ಕಂಡಿತೇ ಇಲ್ಲವೇ ಎಂದು ದಿನವೂ ಬರೆಯಿರಿ. ಕಾಣದ ದಿನವನ್ನೂ ಬರೆಯಲು ಮರೆಯಬೇಡಿ. ಜೂನಿನಿಂದ ಸೆಪ್ಟೆಂಬರ್ ತನಕ ಮುಂದುವರಿಸಿ, ನಾಲ್ಕು ಮನೆಗಳನ್ನು ತುಂಬಿಸಿ. ಕುರುಹು ಇದ್ದ ದಿನಗಳಲ್ಲಿ ನೂರಕ್ಕೆ ಎಷ್ಟು ಮಳೆ, ಇಲ್ಲದ ದಿನಗಳಲ್ಲಿ ನೂರಕ್ಕೆ ಎಷ್ಟು ಮಳೆ ಎಂದು ಹೋಲಿಸಿ. ಎರಡೂ ಒಂದೇ ಆಗಿದ್ದರೆ ಆ ಕುರುಹಿನಿಂದ ಉಪಯೋಗವಿಲ್ಲ. ಬಹಳ ಬೇರೆಯಾಗಿದ್ದರೆ ಮುಂದಿನ ವರ್ಷವೂ ನೋಡಿ.

ಫಲಿತಾಂಶ ಏನೇ ಬಂದರೂ ಅದನ್ನು ಆ ಹಿರಿಯರ ಮುಂದೆ ಕುಳಿತು ಹೇಳಿ, ಅವರು ಏನನ್ನುತ್ತಾರೆ ಎಂದು ಕೇಳಿ. ಗಾಳಿ ತಿರುಗಿದ್ದನ್ನು ನಮಗಿಂತ ಮೊದಲು ಗುರುತಿಸಿದವರು ಅವರು. ಬರೆದಿಡುವ ಕೆಲಸ ಮಾತ್ರ ನಮಗೆ ಉಳಿದಿದೆ.